ಶೀರ್ಷಿಕೆಯಲ್ಲಿ ಒತ್ತಕ್ಷರ ಕತ್ತರಿಸಿ ಹೋಗುತ್ತಿದೆ, ಏನು ಮಾಡಲಿ?

ಹಾಸನದ ಕೋಡರ್

ನಮಸ್ಕಾರ ಎಲ್ಲರಿಗೂ. ಒಂದು ಊರಿನ ವಾರಪತ್ರಿಕೆಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಡಿಸೈನ್ ಬಂದಿರುವುದು ಪೂರ್ತಿ ಇಂಗ್ಲಿಷ್ ಪಠ್ಯ ಹಾಕಿ, ಅದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕನ್ನಡ ಹಾಕಿದ ಕೂಡಲೇ 'ಸ್ವಾತಂತ್ರ್ಯ' ಅನ್ನುವ ಪದದ ಅಡಿ ಭಾಗವೇ ಇಲ್ಲ. ಜೊತೆಗೆ ಶೀರ್ಷಿಕೆ ಉದ್ದ ಆದರೆ 40 ಅಕ್ಷರಕ್ಕೆ ಕತ್ತರಿಸಿ ಚುಕ್ಕೆ ಹಾಕುವ ಕೋಡ್ ಇದೆ, ಅದು ಪದವನ್ನು ಎಲ್ಲೆಲ್ಲೋ ತುಂಡು ಮಾಡುತ್ತದೆ. ಶೀರ್ಷಿಕೆಗಳನ್ನೆಲ್ಲ ಚಿತ್ರ ಮಾಡಿ ಹಾಕಿಬಿಡಿ ಅಂತ ಆಫೀಸಿನಲ್ಲಿ ಹೇಳುತ್ತಿದ್ದಾರೆ. ನನಗೆ ಮನಸ್ಸೇ ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯಾ?

ಅಕ್ಷರಪ್ರಿಯೆ

ದಯವಿಟ್ಟು ಚಿತ್ರ ಮಾಡಬೇಡಿ! ಚಿತ್ರದೊಳಗಿನ ಕನ್ನಡವನ್ನು ಆಯ್ದು ಕಾಪಿ ಮಾಡೋಕಾಗಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ನೇರವಾಗಿ ಓದಲ್ಲ, ಹುಡುಕಿದರೂ ಸುಲಭಕ್ಕೆ ಸಿಗಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಇಷ್ಟು ವರ್ಷ ಆದಮೇಲೂ ನಮ್ಮ ಭಾಷೆಯನ್ನು ಫೋಟೋ ಮಾಡಿ ತೋರಿಸುವುದು ಅಂದರೆ ನಿಜಕ್ಕೂ ಬೇಜಾರಾಗುತ್ತದೆ.

ನಿಮ್ಮ ತೊಂದರೆ ಇರುವುದು ಲೈನ್-ಹೈಟ್‌ನಲ್ಲಿ, ಅಂದರೆ ಅಕ್ಷರದ ಗಾತ್ರಕ್ಕೆ ಎಷ್ಟು ಪಟ್ಟು ಸಾಲಿನ ಎತ್ತರ ಅನ್ನುವುದರಲ್ಲಿ. ಇಂಗ್ಲಿಷ್ ಶೀರ್ಷಿಕೆಗೆ 1.1 ಅಥವಾ 1.2 ಕೊಟ್ಟಿರುತ್ತಾರೆ, ಅಲ್ಲಿ ಗೆರೆಯಿಂದ ಕೆಳಗೆ ಇಳಿಯುವ ಅಕ್ಷರ ಬೆರಳೆಣಿಕೆಯಷ್ಟು, ಅದೂ ಸ್ವಲ್ಪವೇ. ನಮ್ಮಲ್ಲಿ ಒತ್ತು ಇರುವುದೇ ಕೆಳಗೆ. 1.6 ಕೊಟ್ಟು ನೋಡಿ. ಆಮೇಲೆ ಶೀರ್ಷಿಕೆ ಕೂತಿರುವ ಚೌಕಕ್ಕೆ ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡುವ ಸೆಟ್ಟಿಂಗ್) ಇರಬಹುದು, ಅದೇ ಕತ್ತರಿ. ಅದನ್ನು ತೆಗೆಯೋಕಾಗದಿದ್ದರೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಇದ್ದರೆ ಸೊನ್ನೆ ಮಾಡಿ, ಕನ್ನಡಕ್ಕೆ ಅದು ಬೇಡ. ಪುಟದ ಭಾಷೆ ಕನ್ನಡ ಅಂತ ಲ್ಯಾಂಗ್ ಗುಣದಲ್ಲಿ ಹೇಳೋದನ್ನೂ ಮರೀಬೇಡಿ, ಸುಮಾರು ಜನ ಟೆಂಪ್ಲೇಟ್‌ನಲ್ಲಿ ಇಂಗ್ಲಿಷ್ ಅಂತ ಇದ್ದದ್ದನ್ನು ಹಾಗೇ ಬಿಡುತ್ತಾರೆ.

ಮಲೆನಾಡ ಹುಡುಗ

ಕತ್ತರಿಸುವ ಕೋಡ್ ಬಗ್ಗೆ ನಾನು ಹೇಳುತ್ತೇನೆ. ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ 'ಸ್ತ್ರೀ' ಅಂದರೆ ಆರು ತುಣುಕು. ಸ, ಹಲಂತ, ತ, ಹಲಂತ, ರ, ಈ-ಕಾರ. ನಮ್ಮ ಕಣ್ಣಿಗೆ ಒಂದೇ ಅಕ್ಷರ ಅಲ್ವಾ? ಪಠ್ಯ ಕತ್ತರಿಸುವ ಸಬ್‌ಸ್ಟ್ರಿಂಗ್ ಇದರ ನಡುವೆಯೇ ಬ್ಲೇಡ್ ಇಡುತ್ತದೆ. ಪಠ್ಯವನ್ನು ಬಿಡಿಸಿ ಕೊಡುವ ಜಾವಾಸ್ಕ್ರಿಪ್ಟಿನ ಇಂಟ್ಲ್ ಸೆಗ್‌ಮೆಂಟರ್ ಬಳಸಿ ಅಂತ ಕೆಲವರು ಹೇಳಬಹುದು, ಆದರೆ ಅದರ ಗ್ರಾಫೀಮ್ (ಕಣ್ಣಿಗೆ ಕಾಣುವ ಅಕ್ಷರ) ಲೆಕ್ಕವೂ ಇದನ್ನು ಸ್, ತ್, ರೀ ಅಂತ ಮೂರು ಮಾಡುತ್ತದೆ. ದೇವನಾಗರಿ, ತೆಲುಗು, ಮಲಯಾಳಂಗೆ ಸಂಯುಕ್ತಾಕ್ಷರ ಒಡೆಯಬಾರದು ಅನ್ನುವ ನಿಯಮ ಯೂನಿಕೋಡ್ 15.1ರಲ್ಲಿ ಬಂತು, ಕನ್ನಡ ಆ ಪಟ್ಟಿಯಲ್ಲಿ ಸೇರಲಿಲ್ಲ. ಹಾಗಾಗಿ ಎಣಿಸುವ ಗೊಡವೆಯೇ ಬೇಡ. ಸಾಲುಗಳ ಸಂಖ್ಯೆಗೆ ಮಿತಿ ಹಾಕುವ ಲೈನ್-ಕ್ಲ್ಯಾಂಪ್ ಬಳಸಿ ಎರಡು ಸಾಲಿಗೆ ನಿಲ್ಲಿಸಿ, ಉಳಿದದ್ದನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಸರ್ವರ್‌ನಲ್ಲೇ ಕತ್ತರಿಸಬೇಕು ಅಂದರೆ ಪದಗಳ ನಡುವಿನ ಜಾಗದಲ್ಲಿ ಕತ್ತರಿಸಿ.

ಹಾಸನದ ಕೋಡರ್

ಥ್ಯಾಂಕ್ಸ್ ಇಬ್ಬರಿಗೂ, 1.6 ಕೊಟ್ಟ ತಕ್ಷಣ ಒತ್ತುಗಳೆಲ್ಲ ವಾಪಸ್ ಬಂದವು, ನೋಡಿ ಖುಷಿಯಾಯಿತು. ಇನ್ನೊಂದು ಇದೆ. ಪತ್ರಿಕೆಯ ಹಳೇ ಸಂಚಿಕೆಗಳೆಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿವೆ, ತೆರೆದರೆ ಬರೀ ಚುಕ್ಕೆ ಗೀಟು ಹೊತ್ತ ರೋಮನ್ ಅಕ್ಷರಗಳು.

ಹಳೇ ಡಿಟಿಪಿ

ಅದು ಆಸ್ಕಿ ಕಾಲದ್ದು ಸರ್, ಅಂದರೆ ಕನ್ನಡಕ್ಕೆ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪದ್ಧತಿ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು, ಫಾಂಟ್ ಇದ್ದರೆ ಮಾತ್ರ ಕನ್ನಡ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಕಣ್ಣು ಮುಚ್ಚಿ ಹಾಕಬೇಡಿ. ಅರ್ಕಾವತ್ತಿನ ಮೇಲೆ ಗಮನ ಇರಲಿ. 'ಕಾರ್ಯ' ಬರೆಯುವಾಗ ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಯ ಆದಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ಸಾವಿರಾರು ಪದ ಕೆಡುತ್ತವೆ. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡ ಅಂದುಕೊಂಡು ಹಾಳು ಮಾಡಬಹುದು. ಮೊದಲು ಒಂದು ಸಂಚಿಕೆ ಬದಲಿಸಿ, ಪತ್ರಿಕೆಯಲ್ಲಿ ಕರಡು ತಿದ್ದುವವರು ಇದ್ದರೆ ಅವರ ಕೈಗೆ ಕೊಡಿ. ಮೂಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ.