ಸಹಾಯ ಬೇಕು: ಬಿಸ್ಮಾರ್ಕ್ ಚುಕ್ಕಾಣಿ ಕೆಡದೇ ಇದ್ದಿದ್ದರೆ?

ಎಲ್ಲರಿಗೂ ನಮಸ್ಕಾರ. 'ಹೀಗಾಗಿದ್ದರೆ' ಅಂತ ಊಹಿಸಿಕೊಂಡು ಒಂದು ಯುದ್ಧದ ಕಥೆ ಬರೆಯುತ್ತಿದ್ದೇನೆ. ಅರ್ಧಕ್ಕೆ ನಿಂತುಹೋಗಿದೆ, ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

1941ರ ಮೇ 24ರಂದು ಜರ್ಮನಿಯ ಯುದ್ಧನೌಕೆ ಬಿಸ್ಮಾರ್ಕ್ ಬ್ರಿಟನ್ನಿನ ಹುಡ್ ಯುದ್ಧನೌಕೆಯನ್ನು ಮುಳುಗಿಸಿತು. ಆದರೆ ಬಿಸ್ಮಾರ್ಕ್‌ಗೂ ಏಟು ಬಿದ್ದು ಎಣ್ಣೆ ಸೋರತೊಡಗಿತ್ತು. ನಾರ್ವೆಯಲ್ಲಿ ನಿಂತಾಗ ಎಣ್ಣೆ ತುಂಬಿಸಿಕೊಂಡಿರಲೂ ಇಲ್ಲ, ಎಂಥಾ ಎಡವಟ್ಟು ನೋಡಿ! ಫ್ರಾನ್ಸಿನ ಬಂದರಿನ ಕಡೆ ಓಡುತ್ತಿದ್ದಾಗ, 26ರ ರಾತ್ರಿ ಬ್ರಿಟನ್ನಿನ ವಿಮಾನವಾಹಕ ನೌಕೆ ಆರ್ಕ್ ರಾಯಲ್‌ನಿಂದ ಹಾರಿದ ಸ್ವೋರ್ಡ್‌ಫಿಶ್ ವಿಮಾನಗಳ ಒಂದು ಟಾರ್ಪಿಡೊ (ನೀರೊಳಗೆ ಸಾಗಿ ಸಿಡಿಯುವ ಅಸ್ತ್ರ) ಹಿಂಭಾಗಕ್ಕೆ ಬಡಿಯಿತು. ಚುಕ್ಕಾಣಿ ಕಚ್ಚಿಕೊಂಡಿತು. ತಪ್ಪಿಸಿಕೊಳ್ಳಲಾಗದೆ ಬ್ರಿಟಿಷ್ ಹಡಗುಗಳ ಕೈಗೆ ಸಿಕ್ಕಿ ಮರುದಿನ ಬೆಳಿಗ್ಗೆ ಹಡಗು ಮುಳುಗಿತು. ಬಟ್ಟೆ ಹೊದಿಸಿದ ರೆಕ್ಕೆಯ ಹಳೇ ಕಾಲದ ವಿಮಾನ ಮಾಡಿದ ಕೆಲಸ ಇದು!

ನನ್ನ ಕಥೆಯಲ್ಲಿ ಆ ಟಾರ್ಪಿಡೊ ಗುರಿ ತಪ್ಪುತ್ತದೆ. ಬೆನ್ನಟ್ಟುತ್ತಿದ್ದ ಬ್ರಿಟಿಷ್ ಹಡಗುಗಳಲ್ಲೂ ಎಣ್ಣೆ ಕಡಿಮೆಯಾಗಿತ್ತಲ್ವಾ, ಹಾಗಾಗಿ ಬಿಸ್ಮಾರ್ಕ್ ಜರ್ಮನಿಯ ವಶದಲ್ಲಿದ್ದ ಫ್ರಾನ್ಸಿನ ಬ್ರೆಸ್ಟ್ ಬಂದರು ಮುಟ್ಟಿತು ಅಂದುಕೊಳ್ಳಿ. ಮುಂದೇನು? ಜರ್ಮನಿಯದೇ ಯುದ್ಧನೌಕೆಗಳಾದ ಶಾರ್ನ್‌ಹಾರ್ಸ್ಟ್, ಗ್ನೈಸೆನಾವ್ ಆಗಲೇ ಅಲ್ಲಿ ನಿಂತು ಬ್ರಿಟಿಷ್ ವಿಮಾನಗಳ ಬಾಂಬ್ ತಿನ್ನುತ್ತಿದ್ದವು. ಇದೂ ಸುಮ್ನೆ ಮೂರನೇ ಗುರಿ ಆಗುತ್ತಿತ್ತು ಅನ್ನಿಸುತ್ತದೆ ನನಗೆ. ಮೂರೂ ಒಟ್ಟಿಗೆ ಅಟ್ಲಾಂಟಿಕ್‌ಗೆ ಇಳಿದಿದ್ದರೆ ಬ್ರಿಟನ್ ಸರಕು ಹಡಗುಗಳ ಕಾವಲಿಗೆ ಏನು ಮಾಡುತ್ತಿತ್ತು? ನಂಬುವ ಹಾಗಿರಬೇಕು, ಜರ್ಮನಿ ಲಂಡನ್‌ಗೆ ನುಗ್ಗಿತು ಅನ್ನೋದೆಲ್ಲ ಬೇಡ.