ಸಹಾಯ ಬೇಕು: ಗೆಳೆಯರು ಪ್ರೇಮಿಗಳಾಗುವ ಹಳೇ ಕಾಲದ ಸಣ್ಣಕಥೆಗಳು

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಐತಿಹಾಸಿಕ ಹಿನ್ನೆಲೆಯಲ್ಲಿ ಸ್ನೇಹ ನಿಧಾನವಾಗಿ ಪ್ರೀತಿಯಾಗುವ ಸಣ್ಣಕಥೆಗಳನ್ನು ಹುಡುಕುತ್ತಿದ್ದೇನೆ. ಗೊತ್ತಿದ್ದರೆ ದಯವಿಟ್ಟು ಹೇಳಿ. ರಾಜ ರಾಣಿಯರದ್ದು ಬೇಡ, ಸಾಮಾನ್ಯ ಜನರದ್ದು ಬೇಕು.

ನನಗೆ ಈ ಬಗೆಯ ಕಥೆ ತುಂಬಾ ಇಷ್ಟ. ಅಪರಿಚಿತರಿಬ್ಬರು ಭೇಟಿಯಾಗಿ, ನಂಬಿಕೆ ಬೆಳೆದು, ಪ್ರೀತಿ ಹುಟ್ಟುವಷ್ಟರಲ್ಲಿ ಸಣ್ಣಕಥೆಯ ಪುಟಗಳೇ ಮುಗಿದುಹೋಗುತ್ತವೆ. ಗೆಳೆಯರಾದರೆ ಆ ನಂಬಿಕೆ ಮೊದಲೇ ಇರುತ್ತದೆ. ಮನಸ್ಸಿನ ಮಾತು ಹೇಳಿದರೆ ಇರುವ ಸ್ನೇಹವೂ ಹೋದೀತು ಅನ್ನುವ ಭಯ ಬೇರೆ. ಹಿರಿಯರು ಹೇಳಿದ ಕಡೆಗೇ ಮದುವೆಯಾಗುತ್ತಿದ್ದ ಕಾಲದಲ್ಲಿ ಆ ಭಯ ಇನ್ನೂ ಜಾಸ್ತಿ, ಅಲ್ವಾ?

ನಾನೂ ಒಂದು ಬರೆಯುತ್ತಿದ್ದೇನೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ನನ್ನ ಕಥೆ ಆ ಆಸುಪಾಸಿನದು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ಕೆತ್ತಿದ ಶಿಲ್ಪಗಳ ಮೇಲೆ ಅವರ ಹೆಸರು ಈಗಲೂ ಇದೆ. ಹಾಗೆ ಹೊರಗಿನಿಂದ ಬಂದ ಶಿಲ್ಪಿಯ ಮನೆ ಹುಡುಗ, ಊರಿನ ಹೂವಾಡಿಗರ ಹುಡುಗಿ.

ಬೇಲೂರು, ಹಳೇಬೀಡಿನ ಕಡೆಯವರು ಯಾರಾದರೂ ಇದ್ದೀರಾ? ಬಳಪದ ಕಲ್ಲಿನ ಕೆತ್ತನೆ ಹತ್ತಿರದಿಂದ ನೋಡಿದವರ ಜೊತೆ ಮಾತಾಡಬೇಕಿತ್ತು. ಕಲ್ಲಿನ ಪುಡಿ, ಉಳಿ ಹರಿತ ಮಾಡುವ ಬಗೆ, ಇಂಥ ಸಣ್ಣ ವಿವರಗಳೇ ಸಾಕು.