ಕೇಪು ಸಿಗದಿದ್ದರೆ ಠಾಸಣಿ ಕೋವಿಗೆ ಕಿಡಿ ಎಲ್ಲಿಂದ?

ಪ್ರಶ್ನೆ (ಧನಕವಡಿ, ಪುಣೆ): ನಮಸ್ಕಾರ್ರೀ ಸರ್. ಲೈಸೆನ್ಸಿನ್ಯಾಗ ಎರಡು ಠಾಸಣಿ ಕೋವಿ (ನಳಿಗಿ ಬಾಯಿಂದ ಮದ್ದು, ಗುಂಡು ಠಾಸೂವು) ಅದಾವ. ಒಂದು ಕೇಪಿಂದು (ಬಡಿದ್ರ ಕಿಡಿ ಕೊಡೂ ಸಣ್ಣ ಟೊಪ್ಪಿ), ಇನ್ನೊಂದು ಚಕಮಕಿ ಕಲ್ಲಿಂದು. ಕೇಪು ಸಿಗೂದ ಕಷ್ಟ ಆಗೇತಿ. ಮನ್ಯಾಗ ಮಾಡಿಕೊಳ್ಳಾಕ ಬರ್ತದೇನ್ರಿ? ಇಲ್ಲಾ ಕೇಪಿನ ಕೋವೀನ ಕಲ್ಲಿಗೆ ತಿರುಗಿಸಬಹುದಾ? ಕಲ್ಲಿಂದು ಹತ್ತು ಸಲ ಎಳೆದ್ರ ಮೂರು ಸಲ ಕಿಡಿ ಕೊಡ್ತದ.

ಉತ್ತರ (ಕೋವಿ ರಿಪೇರಿ, ಪುಣೆ): ಕೇಪು ಮನೇಲಿ ಬೇಡ. ಅದರೊಳಗಿನ ಮಸಾಲೆ ಉಜ್ಜಿದರೆ, ಒತ್ತಿದರೆ ಸಿಡಿಯುವಂಥದ್ದು. ಸಿಡಿಯೋದು ಕೋವಿಯಲ್ಲಲ್ಲ, ಬೆರೆಸುವ ಕೈಯಲ್ಲಿ. ತಿರುಗಿಸೋದೂ ನಿಮ್ಮ ಕೆಲಸ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಾರ್ಪಾಟಿಗೆ ಬೇರೆ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಆಗಲೇ ಕಲ್ಲಿನ ಕೋವಿ ಇದೆಯಲ್ಲ, ಅದನ್ನೇ ಸರಿಮಾಡಿ.

ಮೊದಲು ಖಾಲಿ ಇದೆಯಾ ನೋಡಿ. ಗಜವನ್ನು (ಮದ್ದು ಠಾಸುವ ಕೋಲು) ನಳಿಗೆಯ ತಳದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರಗೆ ತೆಗೆದು ನಳಿಗೆಯ ಪಕ್ಕ ಅದೇ ಗುರುತಿಗೆ ಹಿಡಿದರೆ ಗಜದ ತುದಿ ರಂಜಕದ ತೂತಿನ (ಹೊರಗಿನ ಬೆಂಕಿ ನಳಿಗೆಯೊಳಗೆ ಹೋಗುವ ಸಣ್ಣ ಕಂಡಿ) ಹತ್ತಿರ ಬರಬೇಕು. ಬರದೆ ಮುಂದೆಯೇ ನಿಂತರೆ ಒಳಗೆ ಹಳೇ ಮದ್ದು, ಗುಂಡು ಕೂತಿದೆ ಅಂತ. ಅಲ್ಲಿಗೆ ನಿಲ್ಲಿಸಿ ರಿಪೇರಿಯವರ ಹತ್ತಿರ ತನ್ನಿ.

ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲಿನ ಅಂಚು, ಮದ್ದಿನ ಬಟ್ಟಲಿಗೆ ಮುಚ್ಚಳವೂ ಆಗಿರುವ ಉಕ್ಕಿನ ತಗಡಿನಿಂದ ಕೂದಲೆಳೆಯಷ್ಟು ಚೂರು ಹೆರೆಯುತ್ತದೆ, ಆ ಚೂರು ಗಾಳಿಯಲ್ಲಿ ಉರಿಯುತ್ತದೆ. ಹಾಗಾಗಿ ಕಲ್ಲು ಗಟ್ಟಿ, ಅಂಚು ಚೂಪು, ಉಕ್ಕು ಹದ: ಮೂರೂ ಬೇಕು. ಕಲ್ಲಿನ ಅಗಲ ತಗಡಿಗಿಂತ ಕೂದಲೆಳೆ ಕಮ್ಮಿ, ಸಾಮಾನ್ಯ ಕೋವಿಗೆ 16ರಿಂದ 20 ಮಿ.ಮೀ. ತೆಳು ಚರ್ಮವನ್ನು ಮಡಚಿ ಅದರೊಳಗೆ ಕಲ್ಲಿಟ್ಟು ಕುದುರೆಯ (ಕಲ್ಲು ಹಿಡಿದು ಬಡಿಯುವ ಭಾಗ) ದವಡೆಗೆ ಬಿಗಿಯಿರಿ. ಬರಿ ಕಲ್ಲನ್ನು ಕಬ್ಬಿಣಕ್ಕೆ ಬಿಗಿದರೆ ಒಡೆಯುತ್ತದೆ. ಕುದುರೆ ಅರ್ಧ ಎತ್ತಿದಾಗ ಕಲ್ಲಿಗೂ ಮುಚ್ಚಿದ ತಗಡಿಗೂ 2–3 ಮಿ.ಮೀ. ಅಂತರ, ಅಂಚು ತಗಡಿಗೆ ಸಮಾನಾಂತರ. ಪೆಟ್ಟು ತಗಡಿನ ಮೇಲಿನ ಮೂರನೇ ಒಂದು ಭಾಗಕ್ಕೆ ಬಿದ್ದು ಕೆಳಗೆ ಹೆರೆಯುತ್ತಾ ಬರಬೇಕು. ಕೆಳಗೆ ಬಿದ್ದರೆ ಕಲ್ಲನ್ನು ತಿರುಗಿಸಿ ಹಾಕಿ, ಚೂಪು ಮಾಡಿದ ಓರೆ ಈಗ ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ. ಬಹುಪಾಲು ದೂರು ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ತಗಡನ್ನು ನೋಡಿ. ಕಿಡಿ ಕೆಂಪಗೆ, ಸತ್ತಹಾಗೆ ಬಂದು, ತಗಡಿನಲ್ಲಿ ಆಳದ ಗೀರು ಬೀಳ್ತಿದ್ದರೆ ಉಕ್ಕು ಮೆತ್ತಗಾಗಿದೆ. ಇದ್ದಿಲು, ಎಲುಬಿನ ಪುಡಿ ತುಂಬಿದ ಡಬ್ಬಿಯಲ್ಲಿ ಮುಚ್ಚಿ ಸುಮಾರು 900 ಡಿಗ್ರಿಗೆ ಕಾಯಿಸಿ, ನೀರಿಗೆ ಹಾಕಿ, ಆಮೇಲೆ ಹದ ಇಳಿಸಬೇಕು. ಅದನ್ನು ರಿಪೇರಿಯವರಿಗೆ ಬಿಡಿ. ಗೀರೇ ಬೀಳದೆ ಕಲ್ಲು ಪುಡಿಯಾಗ್ತಿದ್ದರೆ ತಗಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಅತಿ ಬಿಗಿ ಇರಬಹುದು.

ಪ್ರಶ್ನೆ: ಕಲ್ಲು ಎಲ್ಲಿ ತರೋದು? ಇಲ್ಲಿ ಗಾರ್‌ಗೋಟಿ (ಬೆಣಚಿನ ಜಾತಿ ಕಲ್ಲು) ಬೇಕಾದಷ್ಟು ಬಿದ್ದಿರ್ತದಲ್ರಿ.

ಉತ್ತರ: ಅದೇ ನಮ್ಮ ಅದೃಷ್ಟ. ಪುಣೆ ಸುತ್ತಲಿನ ಕರಿಕಲ್ಲಿನ ಪೊಟರೆಗಳಲ್ಲಿ ಮೇಣದ ಹೊಳಪಿನ ಕ್ಯಾಲ್ಸೆಡೊನಿ, ಅಗೇಟ್ ಸಿಗುತ್ತವೆ. ಅವು ಉಕ್ಕಿಗಿಂತ ಗಟ್ಟಿ. ಆದರೆ ಮೋಸ ಹೋಗಬೇಡಿ. ಅವೇ ಪೊಟರೆಗಳಲ್ಲಿ ಬೆಳ್ಳಗೆ ಹೊಳೆಯುವ ಜಿಯೊಲೈಟ್, ಅಪೊಫಿಲೈಟ್ ಹರಳೂ ಇರುತ್ತವೆ. ನೋಡಲು ಚೆಂದ, ಕಿಡಿಗೆ ಪ್ರಯೋಜನ ಇಲ್ಲ. ಚಾಕುವಿನ ಮೊನೆಗೆ ಗೀರು ಬಿದ್ದರೆ ಬಿಸಾಡಿ. ಗಾಜನ್ನು ಗೀರಿದರೆ ಇಟ್ಟುಕೊಳ್ಳಿ. ಬಿಳಿ ಬೆಣಚು ಗಟ್ಟಿಯೇನೋ ಹೌದು, ಆದರೆ ಅಂಚು ಕಾಳುಕಾಳಾಗಿ ಉದುರುತ್ತದೆ. ಅಗೇಟನ್ನು ಕೊಯ್ದು ಉಜ್ಜಿಸಿದರೆ ಬಹಳ ದಿನ ಬರುತ್ತದೆ, ಆದರೆ ತಗಡನ್ನು ಬೇಗ ತಿನ್ನುತ್ತದೆ. ಚಕ್ಕೆ ಎಬ್ಬಿಸಿ ಒಡೆದ ಚಕಮಕಿಯೇ ಒಳ್ಳೇದು: ಮೊಂಡಾದಾಗ ಅಂಚನ್ನು ಸಣ್ಣಗೆ ತಟ್ಟಿದರೆ ಹೊಸ ಮೊನೆ. ಒಡೆಯುವಾಗ ಕನ್ನಡಕ ಹಾಕಿ, ಚಕ್ಕೆ ಕಣ್ಣಿಗೆ ಹಾರುತ್ತದೆ.

ಪ್ರಶ್ನೆ (ಮಡಗಾಂವ್): ಸರ್, ಕಿಡಿ ಬಿದ್ದರೂ ಬಟ್ಟಲಿನ ರಂಜಕ (ಕಿಡಿ ಹಿಡಿಯೋ ಮದ್ದು) ಮಾತ್ರ ಉರಿದು ನಳಿಗೆಗೆ ಬೆಂಕಿ ಹೋಗೋದೇ ಇಲ್ಲ. ಮಳೆಗಾಲಕ್ಕೆ ಇನ್ನೂ ಜಾಸ್ತಿ.

ಉತ್ತರ: ಬಟ್ಟಲು ತುಂಬಿಸ್ತಾ ಇದ್ದೀರಾ? ತೂತನ್ನು ಮುಚ್ಚುವಷ್ಟು ರಂಜಕ ಹಾಕಿದರೆ ಅದು ಬತ್ತಿಯ ಹಾಗೆ ಉರಿದು ತಡವಾಗುತ್ತದೆ. 0.2 ಗ್ರಾಂ ಸಾಕು. ತೂತು ಸುಮಾರು 1.6 ಮಿ.ಮೀ. ಇದ್ದರೆ ಚೆನ್ನ, ಕಟ್ಟಿಕೊಂಡಿದ್ದರೆ ತಂತಿಯಿಂದ ಚುಚ್ಚಿ, ಕೊರೆದು ದೊಡ್ಡ ಮಾಡಬೇಡಿ. ಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇರುತ್ತದೆ, ಅದು ಗಾಳಿಯ ತೇವ ಹೀರಿ ಕೆಸರಾಗುತ್ತದೆ. ಕೊಂಕಣದ ಜೂನ್, ಜುಲೈನಲ್ಲಿ ಪ್ರತಿ ಹೊಡೆತದ ನಂತರ ಬಟ್ಟಲು, ಕಲ್ಲು, ತಗಡು ಒಣಬಟ್ಟೆಯಿಂದ ಒರೆಸಲೇಬೇಕು. ಎಣ್ಣೆಬಟ್ಟೆ ಬೇಡ. ಎಣ್ಣೆ ಬಿದ್ದ ತಗಡು ಕಿಡಿ ಕೊಡುವುದಿಲ್ಲ.

ಪ್ರಶ್ನೆ (ಧನಕವಡಿ): ಕೇಪಿನ ಕೋವಿ ಮೊದಲ ಪೆಟ್ಟಿಗೆ ಹತ್ತೂದಿಲ್ಲ, ಎರಡನೇದಕ್ಕ ಹತ್ತತದ. ಕೇಪು ಹಳೇದಾಗೇತಿ ಅಂತೇನ್ರಿ?

ಉತ್ತರ: ಬಹುಶಃ ಅಲ್ಲ. ಕೇಪು ಕೂರುವ ನಿಪ್ಪಲ್‌ನ ತುದಿ ಕುದುರೆಯ ಏಟಿಗೆ ಅಣಬೆಯಂತೆ ಹರಡಿದೆ. ಮೊದಲ ಪೆಟ್ಟು ಕೇಪನ್ನು ಒಳಗೆ ಕೂರಿಸುವುದಕ್ಕೇ ಮುಗಿಯುತ್ತದೆ, ಎರಡನೆಯದು ಹತ್ತಿಸುತ್ತದೆ. ನಿಪ್ಪಲ್ ಬದಲಿಸಿ. ಸಡಿಲ ಅಂತ ಕೇಪನ್ನು ಹಲ್ಲಲ್ಲಿ, ಇಕ್ಕಳದಲ್ಲಿ ಅಮುಕಬೇಡಿ.